ಅಮೆರಿಕದ ಇಂಗಿತ, ನಮ್ಮ ಮೆಕ್ಕೆಜೋಳ

ಭಾರತದ ಸರಕುಗಳ ಮೇಲೆ ಅಮೆರಿಕ 2025ರ ಆಗಸ್ಟ್‌ನಲ್ಲಿ ಒಟ್ಟು ಶೇ 50ರಷ್ಟು ಸುಂಕ ಹೇರಿತು. ಅದರಲ್ಲಿ ಅರ್ಧ ಭಾಗ ರಷ್ಯಾದ ತೈಲ ಕೊಂಡದ್ದಕ್ಕೆ ದಂಡ ಎಂಬುದು ಅದರ ವಿವರಣೆ. ಅದೇ ತೈಲವನ್ನು ನಮಗಿಂತ ಹೆಚ್ಚು ಕೊಳ್ಳುತ್ತಿದ್ದ ಚೀನಾಕ್ಕೆ ಆಗ ಅಂಥ ದಂಡ ಬೀಳಲಿಲ್ಲ. ಆದ್ದರಿಂದ ಹೇಳಿದ ಕಾರಣವೇ ಪೂರ್ತಿ ಕಾರಣವೆಂದು ನಂಬುವುದು ಕಷ್ಟ.

ಮರು ತಿಂಗಳೇ ಅಮೆರಿಕದ ವಾಣಿಜ್ಯ ಕಾರ್ಯದರ್ಶಿ ಹೊವಾರ್ಡ್ ಲುಟ್ನಿಕ್, 140 ಕೋಟಿ ಜನರ ಭಾರತ ತಮ್ಮ ಮೆಕ್ಕೆಜೋಳವನ್ನೇಕೆ ಕೊಳ್ಳುತ್ತಿಲ್ಲ ಎಂದು ಕೇಳಿದರು. ಇಂಗಿತದ ಒಂದು ಎಳೆ ಇಲ್ಲಿದೆ. ಆ ವರ್ಷ ಅಮೆರಿಕದಲ್ಲಿ ಮೆಕ್ಕೆಜೋಳದ ದಾಖಲೆ ಫಸಲು. ಸುಂಕ ಸಮರದಿಂದಾಗಿ ಚೀನಾ ಅಲ್ಲಿನ ಕೃಷಿ ಉತ್ಪನ್ನಗಳ ಖರೀದಿಯನ್ನು ತೀವ್ರವಾಗಿ ತಗ್ಗಿಸಿತ್ತು. ಕಣಜ ತುಂಬಿದವರಿಗೆ ಹೊಸ ಗಿರಾಕಿ ಬೇಕಿತ್ತು.

ಇದು ಹೊಸ ಕಥೆಯೇನಲ್ಲ. 1954ರ ಪಿ.ಎಲ್. 480 ಕಾಯ್ದೆಯ ಮುಖ್ಯ ಉದ್ದೇಶಗಳಲ್ಲಿ ಒಂದು ಅಮೆರಿಕದ ಹೆಚ್ಚುವರಿ ಧಾನ್ಯವನ್ನು ಸಾಗಹಾಕುವುದು. 1965–66ರ ಬರದಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ನಮಗೆ ಗೋಧಿಯನ್ನು ತಡೆತಡೆದು ಬಿಡುಗಡೆ ಮಾಡಿದರು. ವಿಯೆಟ್ನಾಂ ಯುದ್ಧದ ಬಗೆಗಿನ ನಮ್ಮ ಟೀಕೆ ಅವರಿಗೆ ಹಿಡಿಸಿರಲಿಲ್ಲ, ನಿಜ. ಆದರೆ ಅವರ ದಾಸ್ತಾನೂ ಕರಗುತ್ತಿತ್ತು. ಭಾರತ ಕೃಷಿಗೆ ಹೆಚ್ಚು ಹಣ ಹೂಡಲೆಂಬ ಒತ್ತಾಯವೂ ಇತ್ತು. ಉಪಕಾರವೆಂದು ಹೊಗಳಿದವರೂ ಬ್ಲ್ಯಾಕ್‌ಮೇಲ್ ಎಂದು ಜರೆದವರೂ ಅರ್ಧಸತ್ಯವನ್ನಷ್ಟೇ ಹಿಡಿದಿದ್ದರು. ಆ ಅವಮಾನಕ್ಕೆ ನಮ್ಮ ನಿಜವಾದ ಉತ್ತರ ಭಾಷಣವಲ್ಲ, ಹಸಿರು ಕ್ರಾಂತಿ.

ಇಂದು ಈ ಪ್ರಶ್ನೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಂಥ ಊರುಗಳಿಗೂ ಸಂಬಂಧಿಸಿದೆ. ಇಲ್ಲಿನ ಮಳೆಯಾಶ್ರಿತ ಹೊಲಗಳಿಗೆ ಮೆಕ್ಕೆಜೋಳವೇ ಆಧಾರ. 2025–26ರಲ್ಲಿ ಅದರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ ಅಷ್ಟು ಸಿಗದೆ ರಾಜ್ಯದ ರೈತರು ಬೀದಿಗಿಳಿದರು. ಅಮೆರಿಕಕ್ಕೆ ಬಾಗಿಲು ತೆರೆಯುವ ಮೊದಲೇ ಈ ಸ್ಥಿತಿ! ಅಗ್ಗದ ಆಮದಿನಿಂದ ಕೋಳಿ ಸಾಕಣೆಗೆ, ಎಥೆನಾಲ್ ಘಟಕಗಳಿಗೆ ಲಾಭವಾಗುವುದನ್ನು ಅಲ್ಲಗಳೆಯಲಾಗದು. ಆದರೆ ಆ ಲಾಭದ ಬೆಲೆ ತೆರುವವನು ಎರಡು–ಮೂರು ಎಕರೆಯ ಹಿಡುವಳಿದಾರ.

ವಾಷಿಂಗ್ಟನ್ ನಮ್ಮ ಮಿತ್ರನೋ ಶತ್ರುವೋ ಎಂಬ ಚರ್ಚೆ ಹೀಗಾಗಿ ನಿರರ್ಥಕ. ಅದು ತನ್ನ ರೈತರ ಹಿತವನ್ನು ಸಂಕೋಚವಿಲ್ಲದೆ ಕಾಯುತ್ತಿದೆ. ಮಾತುಕತೆಯ ಮೇಜಿನಲ್ಲಿ ನಮ್ಮವರು ತಂಬ್ರಹಳ್ಳಿಯ ಲೆಕ್ಕವನ್ನೂ ಅಷ್ಟೇ ನಿಸ್ಸಂಕೋಚವಾಗಿ ಮಂಡಿಸಬೇಕು. ಜೊತೆಗೆ, ಘೋಷಿಸಿದ ಬೆಂಬಲ ಬೆಲೆಗೆ ಸಕಾಲದಲ್ಲಿ ಖರೀದಿ ಕೇಂದ್ರ ತೆರೆಯಬೇಕು. ಅದಕ್ಕಂತೂ ಯಾವ ಪರದೇಶದ ಒಪ್ಪಿಗೆಯೂ ಬೇಕಿಲ್ಲ.