ನಿಮಗಿದು ಗೊತ್ತೆ? ಎಳೆದೊಯ್ದರೆ ಗೇರ್‌ಬಾಕ್ಸ್‌ಗೇ ಕುತ್ತು

ಕೆಟ್ಟುನಿಂತ ಕಾರನ್ನು ದೂರದೂರಿಗೆ ಸಾಗಿಸಲು ನಾಲ್ಕೂ ಚಕ್ರಗಳನ್ನು ನೆಲದಿಂದ ಮೇಲಿರಿಸಿ ಒಯ್ಯುವ ಫ್ಲಾಟ್‌ಬೆಡ್ ಲಾರಿಯೇ ಸುರಕ್ಷಿತ. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್ ಪಂಪನ್ನು ಸಾಮಾನ್ಯವಾಗಿ ಎಂಜಿನ್ನೇ ತಿರುಗಿಸುತ್ತದೆ. ಎಂಜಿನ್ ನಿಂತಿರುವಾಗ ಕಾರನ್ನು ಹಗ್ಗ ಕಟ್ಟಿ ಎಳೆದರೆ, ಗೇರ್ ನ್ಯೂಟ್ರಲ್‌ನಲ್ಲಿದ್ದರೂ ಒಳಗಿನ ಕೆಲವು ಭಾಗಗಳು ಚಕ್ರಗಳ ಜೊತೆ ತಿರುಗುತ್ತವೆ. ಸಾಕಷ್ಟು ಆಯಿಲ್ ಸಿಗದೆ ಕಾದು ಸವೆಯುತ್ತವೆ. ಆ ರಿಪೇರಿಯ ಮುಂದೆ ಲಾರಿ ಬಾಡಿಗೆ ಏನೂ ಅಲ್ಲ. ಎಲೆಕ್ಟ್ರಿಕ್ ಕಾರಿನ ಚಕ್ರ ಉರುಳಿದರೆ ಮೋಟಾರು ವಿದ್ಯುತ್ ಉತ್ಪಾದಿಸತೊಡಗಿ ಹಾಳಾಗಬಹುದು. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಕಾರಿಗೂ ಲಾರಿಯೇ ಬೇಕು. ಮುಂದಿನ ಚಕ್ರಗಳಿಂದ ಓಡುವ ಕಾರಾದರೆ ಮುಂಭಾಗ ಎತ್ತಿ, ಹ್ಯಾಂಡ್‌ಬ್ರೇಕ್ ಬಿಡಿಸಿ, ಹತ್ತಿರದ ಗ್ಯಾರೇಜಿಗೆ ಒಯ್ಯಬಹುದು. ಲಾರಿಯ ಮೇಲೆ ಬಿಗಿಯುವ ಪಟ್ಟಿ ಟೈರುಗಳ ಮೇಲೆ ಹಾಯ್ದಿರಬೇಕು. ಬಂಪರಿಗೆ ಕೊಕ್ಕೆ ಹಾಕಿದರೆ ಅದು ಕಿತ್ತುಬರುವ ಅಪಾಯವಿದೆ.