ಕಾವಲಿನ ವೆಚ್ಚ ಯಾರ ಲೆಕ್ಕಕ್ಕೆ?

ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ನೋಡಬಂದವರು ಒನಕೆ ಓಬವ್ವನ ಕಿಂಡಿಯ ಬಳಿ ಒಂದು ಗಳಿಗೆ ನಿಲ್ಲದೆ ಮುಂದೆ ಹೋಗುವುದಿಲ್ಲ. ಹೈದರಾಲಿಯ ಸೈನಿಕರು ಆ ಬಂಡೆಯ ಸಂದಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ ಬರುತ್ತಿರಲು, ಉಣ್ಣಲು ಕುಳಿತಿದ್ದ ಗಂಡನನ್ನು ಎಬ್ಬಿಸದೆ ತಾನೇ ಒನಕೆಯನ್ನೆತ್ತಿ ನಿಂತ ಆ ಕಾವಲುಗಾರನ ಹೆಂಡತಿಯ ಕಥೆಯನ್ನು ದುರ್ಗದ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಆ ಕಥೆಯ ವೀರರಸದ ಮರೆಯಲ್ಲಿ ಒಂದು ಲೌಕಿಕವಾದ ಸಂಗತಿಯೂ ಅಡಗಿದೆ: ಕಾವಲುಗಾರನ ಮನೆ ಅವನು ಕಾಯುವ ಸ್ಥಳಕ್ಕೆ ಕೂಗಳತೆಯಲ್ಲಿದ್ದಿತು, ಅವನು ಉಣ್ಣುತ್ತಿದ್ದ ಮುದ್ದೆ ಅವನು ಕಾಯುತ್ತಿದ್ದ ನಾಡಿನ ಹೊಲದಲ್ಲೇ ಬೆಳೆದ ರಾಗಿಯದು. ಕಾಯುವವರು ಯಾರು, ಕಾಪಾಡಿಸಿಕೊಳ್ಳುವವರು ಯಾರು, ಅದರ ವೆಚ್ಚವನ್ನು ತೆರುವವರು ಯಾರು ಎಂಬ ಮೂರು ಪ್ರಶ್ನೆಗಳಿಗೂ ಅಲ್ಲಿ ಒಂದೇ ಉತ್ತರವಿದ್ದಿತು. 1779ರಲ್ಲಿ ದುರ್ಗವು ಹೈದರನ ವಶವಾಗಿ, ಅದಾದ ಇಪ್ಪತ್ತು ವರ್ಷಕ್ಕೆ ಇಂಗ್ಲಿಷ್ ಕಂಪನಿಯವರು ಶ್ರೀರಂಗಪಟ್ಟಣವನ್ನು ಗೆದ್ದ ಬಳಿಕ, ಈ ಮೂರು ಉತ್ತರಗಳೂ ಬೇರೆಬೇರೆಯಾದುವು. ಅವು ಹೇಗೆ ಬೇರೆಯಾದುವೆಂಬುದನ್ನು ತಿಳಿಯಬೇಕಾದರೆ ಯುದ್ಧದ ವರ್ಣನೆಗಳಿಗಿಂತ ಹೆಚ್ಚಾಗಿ ಜಮಾಖರ್ಚಿನ ಪುಸ್ತಕಗಳನ್ನು ನೋಡಬೇಕು.

ಪೂರ್ವಪದ್ಧತಿಯನ್ನು ಮೊದಲು ಹೇಳುವೆನು. ಹೊಳಲ್ಕೆರೆಯಲ್ಲಿ ನಾಯಕತನವನ್ನು ಪಡೆದು, ಅಲ್ಲಿಂದ ಹಿರಿಯೂರಿಗೂ, ಕಡೆಗೆ ದುರ್ಗಕ್ಕೂ ತನ್ನ ಅಧಿಕಾರವನ್ನು ಬೆಳೆಸಿದ ತಿಮ್ಮಣ್ಣನಾಯಕನ ವಂಶದವರು ಕೋಟೆ ಕೊತ್ತಲಗಳ ಕಾವಲಿಗೆ ನಗದು ಸಂಬಳವನ್ನೇ ನಂಬಿದವರಲ್ಲ. ಬಾಗೂರಿನ ಕಡೆಯ ಕಾರ್ಯಾಚರಣೆಗೆ ಒತ್ತಾಸೆಯಾಗಲೆಂದು ಅವರು 17ನೆಯ ಶತಮಾನದಲ್ಲಿ ಹೊಸದುರ್ಗದ ಬೆಟ್ಟದ ಮೇಲೆ ಕೋಟೆಯನ್ನು ಕಟ್ಟಿಸಿದರು. ಇಂಥ ಕೋಟೆಗಳ ಕಾವಲಿನವರಿಗೆ ನಮ್ಮ ಸೀಮೆಗಳಲ್ಲಿ ಸಾಮಾನ್ಯವಾಗಿ ಸಲ್ಲುತ್ತಿದ್ದುದು ಉಂಬಳಿಯ ಭೂಮಿ. ಊರಿನ ತಳವಾರ ತೋಟಿಗಳಿಗೆ ಮಾನ್ಯ, ಕೋಟೆಯ ಕಂದಾಚಾರದವರಿಗೆ ಹೊಲ. ಯುದ್ಧಕಾಲದಲ್ಲಿ ಕತ್ತಿ, ಮಳೆಗಾಲದಲ್ಲಿ ನೇಗಿಲು. ಆ ವ್ಯವಸ್ಥೆಯಲ್ಲಿ ಅನ್ಯಾಯವಿರಲಿಲ್ಲವೆಂದಲ್ಲ. ಆದರೆ ಕಾವಲಿಗಾಗಿ ವೆಚ್ಚವಾದ ಫಲವು ಆ ನಾಡಿನ ಎಲ್ಲೆಯನ್ನು ದಾಟಿ ಹೊರಕ್ಕೆ ಹೋಗುತ್ತಿರಲಿಲ್ಲ. ಉಂಬಳಿಯ ಹೊಲ ಎಷ್ಟು, ಉಂಡವನು ಯಾರು ಎಂಬುದು ಶಾನುಭೋಗನ ಕಡತದಲ್ಲಿಯೂ ಊರಿನವರ ಬಾಯಲ್ಲಿಯೂ ಇದ್ದಿತು.

1799ನೆಯ ಜುಲೈ 8ರಂದು ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಆದ ಕೌಲು ಈ ಪದ್ಧತಿಯನ್ನು ಬುಡಮೇಲು ಮಾಡಿತು. ಮೈಸೂರಿನ ರಕ್ಷಣೆಗೆಂದು ಕಂಪನಿಯು ಸೈನ್ಯವನ್ನಿಡತಕ್ಕದ್ದು. ಅದಕ್ಕಾಗಿ ಸಂಸ್ಥಾನವು ವರ್ಷಕ್ಕೆ 7 ಲಕ್ಷ ನಕ್ಷತ್ರದ ಗುರುತಿನ ವರಹಗಳನ್ನು ಹನ್ನೆರಡು ಮಾಸಿಕ ಕಂತುಗಳಲ್ಲಿ ತೆರತಕ್ಕದ್ದು. ಇದೇ ಮುಂದೆ ಪೊಗದಿಯೆಂದು ಪ್ರಸಿದ್ಧವಾದುದು. ವರಹಕ್ಕೆ ಮೂರೂವರೆ ರೂಪಾಯಿಯಂತೆ ಅದು ವರ್ಷಕ್ಕೆ 24.5 ಲಕ್ಷ ರೂಪಾಯಿ. ತಿಂಗಳಿಗೆ ಎರಡು ಲಕ್ಷಕ್ಕೂ ಮಿಕ್ಕಿದ ಮೊತ್ತ. ಸಂಸ್ಥಾನದ ಪಾಲಿಗೆ ಬಂದ ಪ್ರಾಂತಗಳ ಹುಟ್ಟುವಳಿಯನ್ನು ಆಗಿನ ಕರಾರುಪಟ್ಟಿಯಲ್ಲಿ 13,74,076 ಕಂಠೀರಾಯಿ ವರಹಗಳೆಂದು ಅಂದಾಜು ಮಾಡಲಾಗಿದ್ದಿತೆಂಬುದನ್ನು ನೆನೆದರೆ, ಆ ಅಂದಾಜಿನ ಅರ್ಧಕ್ಕೂ ಮಿಕ್ಕಿದ ಭಾಗ ಪರರ ಸೈನ್ಯದ ಬಾಬಿಗೆ ಹೋಗಬೇಕಾಗಿದ್ದಿತೆಂಬುದು ವಿದಿತವಾಗುತ್ತದೆ. ದಿವಾನ್ ಪೂರ್ಣಯ್ಯನವರ ದಕ್ಷತೆಯಿಂದ ನಿಜವಾದ ವಸೂಲಿ ಈ ಅಂದಾಜನ್ನು ಮೀರಿತು. ಆ ದಕ್ಷತೆಯ ಭಾರವನ್ನು ಹೊತ್ತವನು ರೈತ. ನಾಣ್ಯಗಳ ಭೇದವನ್ನೂ ಇಲ್ಲಿ ಗಮನಿಸಬೇಕು. ಹಿರಿಯೂರಿನ ಒಕ್ಕಲಿಗನಿಗೆ ಪರಿಚಿತವಾದುದು ಕಂಠೀರಾಯಿ ಹಣ. ಪೊಗದಿ ನಿಷ್ಕರ್ಷೆಯಾದುದು ಕಂಪನಿಯವರ ಮದರಾಸಿನ ವರಹದಲ್ಲಿ. ತೆರುವವನ ಕೈಯ ನಾಣ್ಯ ಒಂದು, ಎಣಿಸಿಕೊಳ್ಳುವವನ ಲೆಕ್ಕದ ನಾಣ್ಯ ಇನ್ನೊಂದು.

ಊರುಗಳೂ ಆ ಕಾಲದಲ್ಲಿ ನಾಣ್ಯಗಳಂತೆ ಕೈಬದಲಾದುವು. 1799ರ ಪಾಲುಪಟ್ಟಿಯಲ್ಲಿ ಹೊಳಲ್ಕೆರೆ, ಮಾಯಕೊಂಡ, ಹರಿಹರ ಇವುಗಳನ್ನು ಪೂನಾದ ಪೇಶ್ವೆಗೆಂದು ಕಾದಿರಿಸಿದ್ದರು. ಪೇಶ್ವೆಯು ಆ ಕರಾರುಗಳಿಗೆ ಒಪ್ಪದೆಹೋದುದರಿಂದ ಆ ಪಾಲನ್ನು ಕಂಪನಿಯೂ ನಿಜಾಮನೂ ಹಂಚಿಕೊಂಡರು. 1800ರಲ್ಲಿ ನಿಜಾಮನು ತನ್ನಲ್ಲಿದ್ದ ಇಂಗ್ಲಿಷ್ ಸೈನ್ಯದ ಖರ್ಚಿಗಾಗಿ ಮೈಸೂರಿನ ಯುದ್ಧಗಳಲ್ಲಿ ಪಡೆದಿದ್ದ ಪ್ರಾಂತಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. 1803ರ ವಿನಿಮಯದಲ್ಲಿ ಮೈಸೂರು ವೈನಾಡು, ಪುಂಗನೂರು ಮೊದಲಾದುವನ್ನು ಕಂಪನಿಗೆ ಕೊಟ್ಟು ಹೊಳಲ್ಕೆರೆ, ಮಾಯಕೊಂಡ, ಹರಿಹರಗಳನ್ನು ಪಡೆಯಿತು. ಹೀಗೆ ನಾಲ್ಕು ವರ್ಷಗಳೊಳಗೆ ಹೊಳಲ್ಕೆರೆಯ ಕೆರೆ, ಗದ್ದೆ, ತೋಟಗಳು ಒಂದು ಪಟ್ಟಿಯಿಂದ ಮತ್ತೊಂದು ಪಟ್ಟಿಗೆ ಸರಿಯುತ್ತ ಬಂದುವು; ಆ ಊರಿನವರ ಅಭಿಪ್ರಾಯಕ್ಕೆ ಯಾವ ಪಟ್ಟಿಯಲ್ಲಿಯೂ ಒಂದು ಕಾಲಮು ಇರಲಿಲ್ಲ.

ಕೌಲಿನಂತೆ ಮೈಸೂರಿನ ಕೋಟೆಗಳಲ್ಲಿ ತನ್ನ ಪಡೆಯನ್ನಿಡುವ ಹಕ್ಕು ಕಂಪನಿಗಿದ್ದಿತು. ಚಿತ್ರದುರ್ಗದಲ್ಲಿಯೂ ಕೆಲವು ಕಾಲ ಇಂಗ್ಲಿಷ್ ಪಡೆ ತಂಗಿದ್ದು, ಹವೆ ಆರೋಗ್ಯಕರವಲ್ಲವೆಂಬ ಕಾರಣದಿಂದ ಆ ಠಾಣ್ಯವನ್ನು ತ್ಯಜಿಸಿತು. ಪಡೆಯೇನೋ ಹೊರಟುಹೋಯಿತು, ಪೊಗದಿಯಲ್ಲಿ ಒಂದು ವರಹವೂ ಇಳಿಯಲಿಲ್ಲ. ಏಕೆಂದರೆ ಪೊಗದಿಯು ಇಷ್ಟು ಜನ ಸಿಪಾಯಿಗಳಿಗೆ ಇಷ್ಟು ಸಂಬಳವೆಂಬ ಲೆಕ್ಕವಾಗಿರದೆ, ಸಿಪಾಯಿ ಎಲ್ಲಿದ್ದರೂ ಎಷ್ಟಿದ್ದರೂ ಸಲ್ಲಲೇಬೇಕಾದ ಇಡಿಯ ಮೊಬಲಗಾಗಿದ್ದಿತು.

ಇನ್ನು ರಾಯಭಾರಿಗಳ ಬೆಂಗಾವಲಿನ ವಿಚಾರ. ಸಂಸ್ಥಾನದಲ್ಲಿ ಕಂಪನಿಯ ಪ್ರತಿನಿಧಿಯಾಗಿ ನಿಂತವನು ರೆಸಿಡೆಂಟ್. ಮೈಸೂರಿನ ಮೊದಲನೆಯ ರೆಸಿಡೆಂಟ್ ಬ್ಯಾರಿ ಕ್ಲೋಸ್. ಸ್ವಲ್ಪ ಕಾಲದ ಮೇಲೆ ಅದೇ ಪದವಿಗೆ ಬಂದ ಜಾನ್ ಮಾಲ್ಕಮ್ 1800ರಲ್ಲಿ ಪರ್ಷಿಯಾ ದೇಶಕ್ಕೆ ರಾಯಭಾರಿಯಾಗಿ ಹೋಗಿದ್ದವನು. ಆಗ ಮದರಾಸಿನ ಸವಾರರು, ಮುಂಬಯಿಯ ಪದಾತಿಗಳು, ಪರಿಚಾರಕರು ಸೇರಿ ಸುಮಾರು 500 ಜನರ ಪರಿವಾರ ಅವನೊಡನಿದ್ದಿತು. ರಾಯಭಾರಿಯ ಹಿಂದೆ ಕತ್ತಿಗಳು ಎಷ್ಟಿವೆಯೋ ಅವನ ಮಾತಿಗೆ ಅಷ್ಟು ತೂಕವೆಂಬುದು ಆ ಕಾಲದ ನಂಬಿಕೆ. ಇಂಥ ಬೆಂಗಾವಲಿನ ವೆಚ್ಚವನ್ನು ಲೆಕ್ಕ ಹಾಕುವುದು ತೋರುವಷ್ಟು ಸುಲಭವಲ್ಲ. ಆ ಸಿಪಾಯಿ ತನ್ನ ದಂಡಿನಲ್ಲಿಯೇ ಇದ್ದಿದ್ದರೂ ಅವನಿಗೆ ಸಂಬಳ ಸಲ್ಲಲೇಬೇಕಾಗಿದ್ದಿತು. ಹಾಗಾದರೆ ರಾಯಭಾರದ ಲೆಕ್ಕಕ್ಕೆ ಬರೆಯತಕ್ಕದ್ದು ಅವನ ಪೂರ್ತಿ ಸಂಬಳವೇ, ಇಲ್ಲವೆ ದೂರದೇಶದ ಭತ್ಯ, ಡೇರೆ, ಸಾಗಾಣಿಕೆ, ಕುದುರೆಯ ಮೇವು, ಸಾದಿಲ್ವಾರು ಮುಂತಾದ ಹೆಚ್ಚಿನ ಖರ್ಚು ಮಾತ್ರವೇ? ಅವನು ಮುಪ್ಪಾದ ಮೇಲೆ ಬರುವ ಪಿಂಚಣಿಯಲ್ಲಿ ರಾಯಭಾರದ ಪಾಲೆಷ್ಟು? ಅವನ ಜಾಗಕ್ಕೆ ದಂಡಿನಲ್ಲಿ ಮತ್ತೊಬ್ಬನನ್ನು ಭರ್ತಿ ಮಾಡಿದರೆ ಆ ಹೊಸಬನ ಸಂಬಳ ಯಾವ ಬಾಬಿಗೆ?

ಹೊರದೇಶಕ್ಕೆ ಕಳುಹಿದ ಪಡೆಗಳ ವಿಷಯದಲ್ಲಿ ಇಂಥ ಪ್ರಶ್ನೆಗಳಿಗೆ ಬ್ರಿಟಿಷ್ ಸರ್ಕಾರ ಬಹುಕಾಲ ಕೊಡುತ್ತಿದ್ದ ಉತ್ತರವು ಒಂದು ಸೂತ್ರದ ರೂಪದಲ್ಲಿದ್ದಿತು: ಸಾಮಾನ್ಯ ವೆಚ್ಚ ಭಾರತದ ಖಜಾನೆಗೆ, ವಿಶೇಷ ವೆಚ್ಚ ಇಂಗ್ಲೆಂಡಿನ ಖಜಾನೆಗೆ. 1867ರ ಅಬಿಸೀನಿಯಾದ ದಂಡಯಾತ್ರೆಗೂ, 1896ರಲ್ಲಿ ಕೆಂಪುಸಮುದ್ರದ ದಡದ ಸುವಾಕಿನ್‌ಗೆ ಕಳುಹಿದ ಪಡೆಗೂ ಇದೇ ಸೂತ್ರವನ್ನು ಅನ್ವಯಿಸಲಾಯಿತು. ಕೇಳುವುದಕ್ಕೆ ನ್ಯಾಯವಾಗಿಯೇ ತೋರುವ ಈ ಮಾತಿನಲ್ಲಿ ಒಂದು ಊಹೆ ಅಡಗಿದೆ: ಭಾರತವು ತನ್ನ ಅವಶ್ಯಕತೆಗೆ ಮೀರಿದ ಸೈನ್ಯವನ್ನು ಸಾಕುತ್ತಿದ್ದು, ಅದರಲ್ಲಿ ಬೇಕಾದಷ್ಟನ್ನು ಬೇಕೆಂದಾಗ ಎರವಲು ಕೊಡಬಹುದೆಂಬುದೇ ಆ ಊಹೆ. ಎರವಲು ಕೊಟ್ಟರೂ ಮನೆಗೆ ಕೊರತೆಯಾಗದಷ್ಟು ಸಿಪಾಯಿಗಳಿದ್ದರೆ, ಅಷ್ಟು ಜನರನ್ನು ವರ್ಷವೆಲ್ಲ ಸಾಕುವ ಕಂದಾಯವನ್ನು ರೈತನಿಂದ ಎತ್ತಿದುದೇಕೆ ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ. 1895ರಲ್ಲಿ ಲಾರ್ಡ್ ವೆಲ್ಬಿಯ ಅಧ್ಯಕ್ಷತೆಯಲ್ಲಿ ನೇಮಕವಾದ ಭಾರತದ ವೆಚ್ಚದ ಕಮಿಷನ್ನಿನಲ್ಲಿ ದಾದಾಭಾಯಿ ನವರೋಜಿಯವರು ಸದಸ್ಯರಾಗಿದ್ದರು. 1897ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಅದರ ಮುಂದೆ ಸಾಕ್ಷ್ಯ ನುಡಿದರು. 1900ರಲ್ಲಿ ವರದಿ ಹೊರಬಂದ ಮೇಲೆ ಏಡನ್ನಿನ ಸೈನ್ಯದ ವೆಚ್ಚದಲ್ಲಿಯೂ, ಪರ್ಷಿಯಾದ ರಾಯಭಾರ ಕಚೇರಿಗಳ ವೆಚ್ಚದಲ್ಲಿಯೂ ಇಂಗ್ಲೆಂಡು ಅರ್ಧಭಾಗವನ್ನು ಹೊರಬೇಕೆಂಬ ತತ್ತ್ವಕ್ಕೆ ಮನ್ನಣೆ ಬಂದಿತು.

ಈ ಸೂತ್ರದ ಕನ್ನಡನಾಡಿನ ರೂಪವು 1799ರ ಕೌಲಿನಲ್ಲಿಯೇ ಇದ್ದಿತು, ಆದರೆ ತಿರುಗುಮುರುಗಾಗಿ. ಶಾಂತಿಕಾಲದಲ್ಲಿ ಪೊಗದಿ ಸರಿ. ಯುದ್ಧ ಬಂದಾಗ ವಿಶೇಷ ವೆಚ್ಚದಲ್ಲಿಯೂ ಸಂಸ್ಥಾನವೇ ಪಾಲು ಕೊಡತಕ್ಕದ್ದೆಂದು ಅದರಲ್ಲಿ ಬರೆದಿದ್ದಿತು. 1807ರಲ್ಲಿ ಈ ಪಾಲನ್ನು 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಡುವ ಹೊಣೆಯಾಗಿ ಮಾರ್ಪಡಿಸಿದರು. ಅಂದರೆ ಮೈಸೂರಿನ ರೈತನು ಸಾಮಾನ್ಯವನ್ನೂ ತೆತ್ತನು, ವಿಶೇಷವನ್ನೂ ತೆತ್ತನು.

ಪೊಗದಿಗೆ ಕುಂದು ಬಂದೀತೆಂಬ ಭಯ ಹುಟ್ಟಿದರೆ ರಾಜ್ಯದ ಆಡಳಿತವನ್ನೇ ವಹಿಸಿಕೊಳ್ಳುವ ಅಧಿಕಾರವನ್ನು ಆ ಕೌಲು ಗವರ್ನರ್ ಜನರಲನಿಗೆ ಕೊಟ್ಟಿದ್ದಿತು. ನಗರ ಸೀಮೆಯ ರೈತರ ದಂಗೆಯ ಬಳಿಕ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಆ ಷರತ್ತನ್ನೇ ಮುಂದಿಟ್ಟು ಮಹಾರಾಜರಿಂದ ಅಧಿಕಾರವನ್ನು ತೆಗೆದುಕೊಂಡನು. ಕಮಿಷನರುಗಳ ಆಡಳಿತ 50 ವರ್ಷ ನಡೆಯಿತು. ಚಿತ್ರದುರ್ಗವು ಒಂದು ವಿಭಾಗದ ಕೇಂದ್ರವಾಯಿತು. ಕಾವಲಿನ ಖರ್ಚಿನ ಒಂದು ಬಾಬು ಕಾಯಿಸಿಕೊಂಡವರ ಮನೆಯನ್ನೇ ನುಂಗಿದ ಬಗೆ ಇದು.

1881ರ ಮಾರ್ಚ್ 25ರಂದು ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದಾಗ ಪೊಗದಿಯನ್ನು 35 ಲಕ್ಷ ರೂಪಾಯಿಗೆ ಏರಿಸಿದರು. ಧಾತು ಈಶ್ವರ ಸಂವತ್ಸರಗಳ ಕ್ಷಾಮದಿಂದ ಸಂಸ್ಥಾನಕ್ಕೆ 80 ಲಕ್ಷದ ಸಾಲವಿದ್ದುದರಿಂದ ಹೆಚ್ಚಿನ 10.5 ಲಕ್ಷದ ವಸೂಲಿಯನ್ನು 1896ರವರೆಗೆ ಮುಂದೂಡಿದರು. ಆ ಗಡುವು ಮುಗಿದ ಎರಡೇ ವರ್ಷಕ್ಕೆ, 1898ರಲ್ಲಿ, ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟೆಯ ಕೆಲಸ ಪ್ರಾರಂಭವಾಗಿ 1907ರಲ್ಲಿ ಮುಗಿಯಿತು. ಒಂದೇ ಖಜಾನೆಯಿಂದ ಎರಡು ಹೊಳೆಗಳು ಹರಿದುವು: ಒಂದು ಬರಡು ನೆಲಕ್ಕೆ ನೀರಾಗಿ ಬಂದಿತು, ಮತ್ತೊಂದು ಯಾರದೋ ದಂಡಿನ ಲೆಕ್ಕಕ್ಕೆ ಹೋಯಿತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಸಮಯದಲ್ಲಿ ವೈಸರಾಯ್ ಲಾರ್ಡ್ ಇರ್ವಿನ್ನರು ಆ ಹೆಚ್ಚಳವನ್ನು ಮನ್ನಾ ಮಾಡಿದುದಾಗಿ ಸಾರುವ ವೇಳೆಗೆ ಅದೊಂದರ ಬಾಬಿನಲ್ಲಿಯೇ ಮೂರು ಕೋಟಿಗೂ ಮಿಕ್ಕಿದ ಹಣ ಸಂದಿದ್ದಿತು.

ಕಾವಲಿಗೆ ಖರ್ಚು ಮಾಡುವುದು ತಪ್ಪೆಂದು ಯಾರೂ ಹೇಳಲಾರರು. ಕಾವಲಿಲ್ಲದ ಹೊಲವೂ ಇಲ್ಲ, ರಾಜ್ಯವೂ ಇಲ್ಲ. ಆದರೆ ಕೂಡಿಸಿ ಕಳೆದು ಸರಿಬಂದ ಮಾತ್ರಕ್ಕೆ ಲೆಕ್ಕವು ನ್ಯಾಯವಾಗುವುದಿಲ್ಲ. ಪೊಗದಿಯ ಲೆಕ್ಕದಲ್ಲಿ ಅಂಕಿಗಳು ತಪ್ಪಿರಲಿಲ್ಲ. ಯಾರ ರಕ್ಷಣೆಗೆ, ಯಾರ ಅಪ್ಪಣೆಯಿಂದ ಎಂಬ ಎರಡು ಮಾತುಗಳು ಮಾತ್ರ ಅಲ್ಲಿರಲಿಲ್ಲ. ಇಂದು ನಮ್ಮ ಶಾಸನಸಭೆಯ ಮುಂದೆ ಆಯವ್ಯಯ ಬರುವಾಗ ವೆಚ್ಚದ ಬೇಡಿಕೆಗಳಿಗೆ ಜನಪ್ರತಿನಿಧಿಗಳ ಒಪ್ಪಿಗೆ ಬೇಕೆಂಬ ನಿಯಮವಿದೆ. ಅದನ್ನು ಒಣ ವಿಧಿಯೆಂದು ಬಗೆಯುವವರು ಒಮ್ಮೆ ದುರ್ಗದ ಬೆಟ್ಟವನ್ನೇರಿ ಆ ಕಿಂಡಿಯ ಬಳಿ ನಿಲ್ಲಬೇಕು. ಓಬವ್ವ ಕಾದದ್ದು ತನ್ನ ಊರನ್ನು. ಆ ಊರು ಸಾಕಿದುದು ತನ್ನ ಕಾವಲುಗಾರನನ್ನು. ಒಂದುನೂರು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಹಿರಿಯರು ಪೊಗದಿಯನ್ನು ತೆತ್ತರು. ಆ ಹಣ ಸಾಕಿದ ಸಿಪಾಯಿಯನ್ನು ಮಾತ್ರ ತಮ್ಮವನೆಂದು ಕರೆಯಲು ಅವರಿಗೆ ಬರಲಿಲ್ಲ.