ಫ್ರೆಂಚ್ ಮನೆಯ ಬಿಸಿನೀರು, ಹಾಲು ಮತ್ತು ಒಂದು ‘ಮೆರ್ಸಿ’

ಓದಲೆಂದು ಫ್ರಾನ್ಸಿಗೆ ಹೋಗುವ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಅಲ್ಲಿನ ಕುಟುಂಬವೊಂದರ ಜೊತೆ ಕೆಲವು ತಿಂಗಳು ಇರುವುದುಂಟು. ನಾಳೆ ಆ ಅವಕಾಶ ನಿಮಗೂ ಬರಬಹುದು. ಐಫೆಲ್ ಗೋಪುರದ ಬಗ್ಗೆ ನೀವು ಓದಿರುತ್ತೀರಿ. ಆದರೆ ಅಲ್ಲಿನ ಬಚ್ಚಲುಮನೆ, ಅಡುಗೆಮನೆ, ಊಟದ ಮೇಜಿನ ಸಂಗತಿ ಯಾವ ಪಠ್ಯದಲ್ಲೂ ಸಿಗುವುದಿಲ್ಲ. ಮನೆಯವರಿಗೆ ಬೇಸರವಾಗುವುದು, ನೀವು ಅರೆಹೊಟ್ಟೆಯಲ್ಲಿ ಮಲಗುವುದು ಎರಡೂ ಇಂಥ ಸಣ್ಣ ವಿಷಯಗಳಿಂದಲೇ. ಅಂಥದೊಂದು ಮನೆಯಲ್ಲಿ ಕೆಲವು ವಾರ ಇದ್ದಾಗ ನಾನು ಕಂಡ ವ್ಯತ್ಯಾಸಗಳನ್ನು ಅವುಗಳ ಕಾರಣದ ಸಹಿತ ಇಲ್ಲಿ ಹೇಳುತ್ತೇನೆ.

ಮೊದಲು ಸ್ನಾನ. ಷವರಿನ ಕೆಳಗೆ ಬಹಳ ಹೊತ್ತು ನಿಲ್ಲಬೇಡಿ ಎಂದು ಮನೆಯಾಕೆ ಹೇಳಿದರೆ ‘ಎಂಥ ಜಿಪುಣತನ!’ ಎಂದುಕೊಳ್ಳಬೇಡಿ. ಅನೇಕ ಮನೆಗಳಲ್ಲಿ ಬಿಸಿನೀರು ದೊಡ್ಡ ವಿದ್ಯುತ್ ತೊಟ್ಟಿಯಿಂದ ಬರುತ್ತದೆ. ನಾಲ್ಕು ಜನರ ಮನೆಗೆ ಅದು 200 ಲೀಟರಿನದು ಎಂದಿಟ್ಟುಕೊಳ್ಳೋಣ. ಅಷ್ಟು ನೀರನ್ನು 15 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 10.5 ಯೂನಿಟ್ ವಿದ್ಯುತ್ ಬೇಕು. 2,200 ವ್ಯಾಟ್‌ನ ಹೀಟರಿಗೆ ಇದು ಹೆಚ್ಚುಕಡಿಮೆ 5 ಗಂಟೆಯ ಕೆಲಸ. ದಿನದಲ್ಲಿ 8 ಗಂಟೆ ಅಗ್ಗದ ದರದಲ್ಲಿ ವಿದ್ಯುತ್ ಕೊಡುವ ವ್ಯವಸ್ಥೆ ಅಲ್ಲಿದೆ. ಅದನ್ನು ಆರಿಸಿಕೊಂಡ ಮನೆಗಳಲ್ಲಿ ನೀರು ಸಾಮಾನ್ಯವಾಗಿ ರಾತ್ರಿಯೇ ಕಾಯುತ್ತದೆ. ನೀವು ತೊಟ್ಟಿ ಬರಿದು ಮಾಡಿದರೆ ಕೊನೆಯವರಿಗೆ ತಣ್ಣೀರೇ ಗತಿ. ಹಂಡೆಯಲ್ಲಿ ನೀರು ಕಾಯಿಸಿಕೊಳ್ಳುವ ಮನೆಯಲ್ಲಿ ಬೆಳೆದವರಿಗೆ ಈ ಲೆಕ್ಕ ಹೊಸದೇನಲ್ಲ: ಹಿಂದೆ ಇರುವವರಿಗೆ ಉಳಿಸಿಯೇ ಮಿಂದು ಬರಬೇಕು.

ಇನ್ನೊಂದು ಮಾತು. ಅಲ್ಲಿ ಬಹಳಷ್ಟು ಮನೆಗಳಲ್ಲಿ ಬಚ್ಚಲುಮನೆ ಬೇರೆ, ಶೌಚಾಲಯ ಬೇರೆ. ‘ಬಾತ್‌ರೂಮ್ ಎಲ್ಲಿ?’ ಎಂದು ಕೇಳಿದರೆ ಕೈತೊಳೆಯುವ ಬೋಗುಣಿ, ಷವರ್ ಮಾತ್ರ ಇರುವ ಕೋಣೆಯನ್ನು ತೋರಿಸಿಯಾರು! ನಮ್ಮ ಹಳೆಯ ಮನೆಗಳಲ್ಲೂ ಬಚ್ಚಲು ಒಂದೆಡೆ, ಕಕ್ಕಸು ಹಿತ್ತಿಲಲ್ಲಿ ಇರುತ್ತಿರಲಿಲ್ಲವೇ?

ಈಗ ಅಡುಗೆಮನೆಗೆ ಬನ್ನಿ. ಹಾಲಿನ ಡಬ್ಬಿಗಳು ಫ್ರಿಜ್ಜಿನ ಹೊರಗೆ, ಕಪಾಟಿನಲ್ಲಿ ವಾರಗಟ್ಟಲೆ ಕುಳಿತಿರುತ್ತವೆ. ಕೆಡುವುದಿಲ್ಲವೇ? ನಮ್ಮ ಪ್ಯಾಕೆಟ್ ಹಾಲು ಸಾಮಾನ್ಯವಾಗಿ ಪಾಶ್ಚರೀಕರಿಸಿದ್ದು, ಅಂದರೆ ಸುಮಾರು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ತಣಿಸಿದ್ದು. ರೋಗ ತರುವ ಜೀವಾಣುಗಳು ಇದರಿಂದ ಸಾಯುತ್ತವೆ. ಹಾಲನ್ನು ಹುಳಿ ಮಾಡುವ ಕೆಲವು ಜೀವಾಣುಗಳು ಉಳಿಯುತ್ತವೆ. ಹಾಗಾಗಿ ನಾವು ಕಾಯಿಸಿ ಇಡುತ್ತೇವೆ, ತಂಪಿನಲ್ಲಿಡುತ್ತೇವೆ. ಫ್ರೆಂಚ್ ಮನೆಗಳ ಬಹುಪಾಲು ಹಾಲನ್ನು 135 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡು ಕಾಯಿಸಿ, ಜೀವಾಣು ಸೋಕದಂತೆ ಡಬ್ಬಿಗೆ ತುಂಬಿರುತ್ತಾರೆ. ಮುಚ್ಚಳ ತೆರೆಯುವವರೆಗೆ ಅದಕ್ಕೆ ಫ್ರಿಜ್ಜು ಬೇಡ. ತೆರೆದ ಮೇಲೆ ಬೇಕೇ ಬೇಕು. ‘ಪಾಶ್ಚರೀಕರಣ’ ಎಂಬ ಹೆಸರು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರನಿಂದ ಬಂದದ್ದು ಎಂಬುದನ್ನು ನೆನೆದರೆ ಇದು ಇನ್ನಷ್ಟು ಸ್ವಾರಸ್ಯಕರ.

ಕಸದ ಬುಟ್ಟಿಗೂ ಒಬ್ಬ ವ್ಯಕ್ತಿಯ ಹೆಸರೇ. ಫ್ರೆಂಚರು ಅದನ್ನು ‘ಪುಬೆಲ್’ ಎನ್ನುತ್ತಾರೆ. ಪ್ಯಾರಿಸ್ ಸೇರಿದ್ದ ಸೇನ್ ಪ್ರಾಂತ್ಯದ ಆಡಳಿತಾಧಿಕಾರಿ ಯುಜೆನ್ ಪುಬೆಲ್ 1883ರಲ್ಲಿ ಒಂದು ಆಜ್ಞೆ ಹೊರಡಿಸಿದ: ಕಟ್ಟಡದ ಮಾಲೀಕರು ಮುಚ್ಚಳವಿರುವ ಕಸದ ಡಬ್ಬಿ ಇಡಬೇಕು, ಕೊಳೆಯುವ ಕಸ, ಕಾಗದ ಮತ್ತು ಚಿಂದಿ, ಗಾಜು ಮತ್ತು ಚಿಪ್ಪು ಬೇರೆ ಬೇರೆ ಇರಬೇಕು. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ನಮ್ಮ ಊರುಗಳಲ್ಲಿ ಹೇಳುವುದನ್ನು ನೀವು ಕೇಳಿದ್ದೀರಿ. ಫ್ರಾನ್ಸಿನಲ್ಲೂ ಆಹಾರದ ಕಸವನ್ನು ಪ್ರತ್ಯೇಕಿಸುವ ನಿಯಮ 2024ರ ಜನವರಿಯಿಂದ ಜಾರಿಯಲ್ಲಿದೆ. ಆದ್ದರಿಂದ ಯಾವುದನ್ನು ಯಾವ ಡಬ್ಬಿಗೆ ಹಾಕಬೇಕೆಂದು ಮೊದಲ ದಿನವೇ ಕೇಳಿಕೊಳ್ಳುವುದು ಜಾಣತನ.

ಕೊನೆಗೆ ಊಟ. ಬ್ರೆಡ್ಡನ್ನು ತಟ್ಟೆಯಲ್ಲಲ್ಲ, ಮೇಜಿನ ಬಟ್ಟೆಯ ಮೇಲೆಯೇ ಇಟ್ಟುಕೊಳ್ಳುತ್ತಾರೆ. ಮುಖ್ಯ ಊಟದ ನಂತರ ಚೀಸ್, ಆಮೇಲೆ ಸಿಹಿ. ಇಲ್ಲಿ ಎಚ್ಚರ ಬೇಕಾದದ್ದು ಒಂದೇ ಪದಕ್ಕೆ. ‘ಇನ್ನೂ ಸ್ವಲ್ಪ ಬಡಿಸಲೇ?’ ಎಂದಾಗ ನೀವು ಬರೀ ‘ಮೆರ್ಸಿ’ ಎಂದರೆ, ಅದರ ಅರ್ಥ ಧನ್ಯವಾದ ಎಂದೇ ಆದರೂ, ‘ಸಾಕು, ಬೇಡ’ ಎಂದು ತಿಳಿಯುತ್ತಾರೆ. ಬೇಕಿದ್ದರೆ ‘ವಿ’, ಅಂದರೆ ಹೌದು, ಎಂದು ಸ್ಪಷ್ಟವಾಗಿ ಹೇಳಬೇಕು. ನಮ್ಮಲ್ಲಿ ಮೊದಲ ಸಲ ‘ಬೇಡ’ ಎನ್ನುವುದು ಸಂಕೋಚ, ಮತ್ತೆ ಒತ್ತಾಯಿಸಿ ಬಡಿಸುವುದು ಉಪಚಾರ. ಅಲ್ಲಿ ಅತಿಥಿಯ ಮಾತನ್ನು ಮೊದಲ ಸಲಕ್ಕೇ ಒಪ್ಪಿಕೊಳ್ಳುವುದೇ ಮರ್ಯಾದೆ. ಹಾಗೆಯೇ ಬೆಳಿಗ್ಗೆ ಎದ್ದು ಮನೆಯವರಿಗೆ ‘ಬೊಂಜೂರ್’ ಹೇಳದಿದ್ದರೆ ಗರ್ವ ಎಂದುಕೊಂಡಾರು. ನಾವು ಮನೆಯವರಿಗೆ ದಿನವೂ ನಮಸ್ಕಾರ ಹೇಳುವುದಿಲ್ಲ, ‘ಕಾಫಿ ಆಯಿತೇ?’ ಎನ್ನುತ್ತೇವೆ. ಪ್ರೀತಿ ಎರಡು ಕಡೆಯೂ ಇದೆ, ತೋರಿಸುವ ಬಗೆ ಬೇರೆ.

ಒಂದು ಮನೆಯ ರೂಢಿ ವಿಚಿತ್ರವಾಗಿ ಕಂಡಾಗ ‘ಇವರು ಹೀಗೆಯೇ’ ಎಂದು ತೀರ್ಮಾನಿಸುವ ಮೊದಲು ‘ಏಕೆ ಹೀಗೆ?’ ಎಂದು ಕೇಳಿ. ವಿಜ್ಞಾನದ ವಿದ್ಯಾರ್ಥಿಗಂತೂ ಇದು ಅಭ್ಯಾಸವಾಗಿರಬೇಕು. ಈ ಅಭ್ಯಾಸವನ್ನು ಇಂದೇ ನಿಮ್ಮ ಮನೆಯಲ್ಲಿ ಆರಂಭಿಸಬಹುದು. ಗೀಸರ್ ಇದ್ದರೆ ಅದರ ಮೇಲೆ ಬರೆದಿರುವ ಲೀಟರ್ ಮತ್ತು ವ್ಯಾಟ್ ನೋಡಿ, ನೀರು ಕಾಯಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿ. ಆಮೇಲೆ ಗಡಿಯಾರ ಹಿಡಿದು ಪರೀಕ್ಷಿಸಿ.